ಮೇವು ಕತ್ತರಿಸುವ ಯಂತ್ರ: ಅದು ಕತ್ತರಿಸುವ ಬಗೆ, ಅದರ ಅಪಾಯವಿರುವ ಜಾಗ

ಜೋಳದ ಕಣಿಕೆಯನ್ನು ಇಡಿಯಾಗಿ ಗೋದಲಿಗೆ ಹಾಕಿದರೆ ದನ ಮೊದಲು ಎಲೆಗಳನ್ನು ಎಳೆದು ತಿನ್ನುತ್ತದೆ, ಆಮೇಲೆ ತುದಿಯ ಎಳೆಯ ದಂಟನ್ನು ಮುರಿದುಕೊಳ್ಳುತ್ತದೆ, ಬುಡದ ಗಟ್ಟಿ ಗೆಣ್ಣುಗಳನ್ನು ಕಾಲಡಿಗೆ ಕೆಡವುತ್ತದೆ. ಹೀಗೆ ಕೆಳಗೆ ಬಿದ್ದು ಗಂಜಲ, ಸೆಗಣಿಯಲ್ಲಿ ನೆನೆದ ಮೇವು ಮರುದಿನ ತಿಪ್ಪೆ ಸೇರುತ್ತದೆ. ಉತ್ತರ ಕರ್ನಾಟಕದ ಒಣಬೇಸಾಯದ ಊರುಗಳಲ್ಲಿ ಕಣಿಕೆಯ ಕಟ್ಟನ್ನು ಮರದ ದಿಮ್ಮಿಯ ಮೇಲಿಟ್ಟು ಕೊಡಲಿಯಿಂದ ಕಡಿದು ಹಾಕುವ ರೂಢಿ ಬಂದದ್ದು ಈ ನಷ್ಟವನ್ನು ತಪ್ಪಿಸಲೆಂದೇ. ಹಳೇ ಮೈಸೂರು ಭಾಗದಲ್ಲಿ ರಾಗಿ ಹುಲ್ಲು ಮತ್ತು ಭತ್ತದ ಹುಲ್ಲು ತೆಳುವಾಗಿದ್ದುದರಿಂದ ಮೆದೆಯಿಂದ ಹಿರಿದು ಹಾಗೆಯೇ ಹಾಕಿದರೂ ನಡೆಯುತ್ತಿತ್ತು. ಈ ಲೆಕ್ಕವನ್ನು ಬದಲಿಸಿದ್ದು ಹೈಬ್ರಿಡ್ ನೇಪಿಯರ್ ಎಂಬ ಎತ್ತರದ ಮೇವಿನ ಹುಲ್ಲು. ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಹೊರತಂದ ‘ಸಂಪೂರ್ಣ’ ಎಂಬ ಡಿಎಚ್‌ಎನ್-6, ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಿಒ-4, ಸಿಒ-5 ಮುಂತಾದ ತಳಿಗಳು ಕೊಯ್ಲು ಒಂದೆರಡು ವಾರ ತಡವಾದರೂ ಕಬ್ಬಿನಂತೆ ದಪ್ಪನಾಗುತ್ತವೆ. ಕುಡುಗೋಲಿನಿಂದ ಕೊಯ್ದು ತಂದ ಇಂಥ ಮೇವನ್ನು ನಾಲ್ಕೈದು ಹಸುಗಳಿಗಾಗಿ ದಿನವೂ ಮಚ್ಚಿನಿಂದ ಕೊಚ್ಚುವುದು ಆಗದ ಕೆಲಸ. ಆದ್ದರಿಂದಲೇ ನಾವು ಸಾಮಾನ್ಯವಾಗಿ ಚಾಫ್ ಕಟರ್ ಎಂದು ಕರೆಯುವ ಯಂತ್ರ ಈಗ ಎರಡೇ ಹಸು ಇರುವ ಮನೆಯ ಕೊಟ್ಟಿಗೆಯಲ್ಲೂ ಕಾಣುತ್ತದೆ.

ಯಂತ್ರದ ಒಳಗನ್ನು ನೋಡುವ ಮೊದಲು ಮೇವನ್ನು ಕತ್ತರಿಸುವುದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಸ್ಪಷ್ಟವಾಗಬೇಕು. ಕತ್ತರಿಸಿದ ಮಾತ್ರಕ್ಕೆ ಮೇವಿನಲ್ಲಿ ಹೊಸ ಪೌಷ್ಟಿಕಾಂಶ ಹುಟ್ಟುವುದಿಲ್ಲ. ಭತ್ತದ ಹುಲ್ಲು ತುಂಡಾದರೂ ಭತ್ತದ ಹುಲ್ಲೇ. ಲಾಭ ಬರುವುದು ಎರಡು ಕಡೆಯಿಂದ. ಎಲೆ ಮತ್ತು ದಂಟು ಬೆರೆತುಹೋಗುವುದರಿಂದ ದನಕ್ಕೆ ಆರಿಸಿ ತಿನ್ನಲು ಅವಕಾಶ ಕಡಿಮೆಯಾಗಿ, ಹಾಕಿದ್ದರಲ್ಲಿ ಹೆಚ್ಚಿನ ಪಾಲು ಹೊಟ್ಟೆ ಸೇರುತ್ತದೆ. ಜೊತೆಗೆ ಹಸಿ ಮೇವು, ಒಣ ಹುಲ್ಲು, ಹಿಂಡಿ, ಖನಿಜ ಮಿಶ್ರಣಗಳನ್ನು ಒಟ್ಟಿಗೆ ಕಲಸಲು ಸಾಧ್ಯವಾಗುತ್ತದೆ. ಹುಲ್ಲನ್ನು ಯೂರಿಯಾದಿಂದ ಉಪಚರಿಸುವವರಿಗೂ, ಅಂದರೆ 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ ಕರಗಿಸಿದ ನೀರನ್ನು ಚಿಮುಕಿಸಿ ಗಾಳಿಯಾಡದಂತೆ ಮೂರು ವಾರ ಮುಚ್ಚಿಡುವವರಿಗೂ, ತುಂಡು ಹುಲ್ಲು ಸಮನಾಗಿ ನೆನೆದು ಗಟ್ಟಿಯಾಗಿ ಅದುಮಿಕೊಳ್ಳುವುದರಿಂದ ಅನುಕೂಲವಾಗುತ್ತದೆ.

ಇಷ್ಟು ಕೇಳಿದವರು ಎಷ್ಟು ಸಣ್ಣಗಾದರೆ ಅಷ್ಟು ಒಳ್ಳೆಯದು ಎಂದುಕೊಳ್ಳುವುದು ಸಹಜ. ಹಾಲು ಹಾಕುವ ರೈತರಲ್ಲಿ ಬಹಳ ಮಂದಿ ಇಲ್ಲಿಯೇ ನಷ್ಟ ಮಾಡಿಕೊಳ್ಳುತ್ತಾರೆ. ಹಸುವಿನ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಉದ್ದ ನಾರು ಒಂದು ತೇಲುವ ಚಾಪೆಯಾಗಿ ಕೂಡಿಕೊಂಡು ಗೋಡೆಗೆ ತಾಗುತ್ತಿದ್ದಾಗಲೇ ಮೆಲುಕು ಹಾಕುವ ಪ್ರಚೋದನೆ ಹುಟ್ಟುತ್ತದೆ. ಚೆನ್ನಾಗಿ ನಾರು ತಿಂದ ಹಸು ದಿನಕ್ಕೆ ಆರರಿಂದ ಎಂಟು ಗಂಟೆ ಮೆಲುಕು ಹಾಕುತ್ತದೆ; ದೊಡ್ಡ ಮಿಶ್ರತಳಿ ಹಸುವಿನ ಬಾಯಲ್ಲಿ ದಿನಕ್ಕೆ ನೂರು ಲೀಟರಿನಷ್ಟು ಜೊಲ್ಲು ಸುರಿದು ಹೊಟ್ಟೆ ಸೇರುತ್ತದೆ. ಆ ಜೊಲ್ಲಿನಲ್ಲಿರುವ ಬೈಕಾರ್ಬೊನೇಟ್, ರೂಮೆನ್‌ನಲ್ಲಿ ಹುದುಗುವಿಕೆಯಿಂದ ಹುಟ್ಟುವ ಆಮ್ಲವನ್ನು ತಣಿಸುತ್ತದೆ. ಮೇವನ್ನು ಪುಡಿಯ ಹದಕ್ಕೆ ತಂದರೆ ಅದು ಮೆಲುಕಿಗೆ ಬಾರದೆ ಬೇಗ ಮುಂದಕ್ಕೆ ಜಾರುತ್ತದೆ, ಜೊಲ್ಲು ಕಡಿಮೆಯಾಗುತ್ತದೆ, ಆಮ್ಲ ಏರುತ್ತದೆ, ನಾರನ್ನು ಅರಗಿಸುವ ಸೂಕ್ಷ್ಮಜೀವಿಗಳು ಸೊರಗುತ್ತವೆ. ಆ ಸೂಕ್ಷ್ಮಜೀವಿಗಳು ನಾರಿನಿಂದ ತಯಾರಿಸುವ ಅಸಿಟಿಕ್ ಆಮ್ಲವೇ ಹಾಲಿನ ಕೊಬ್ಬಿನ ಮುಖ್ಯ ಕಚ್ಚಾವಸ್ತುವಾದ್ದರಿಂದ, ಡೈರಿಯಲ್ಲಿ ಫ್ಯಾಟ್ ಕಡಿಮೆ ಬಂದಾಗ ಹಿಂಡಿಯನ್ನು ಮಾತ್ರ ಅನುಮಾನಿಸದೆ ಮೇವಿನ ತುಂಡಿನ ಅಳತೆಯನ್ನೂ ನೋಡಬೇಕು. ಹಸಿ ಮೇವಿಗೆ ಎರಡರಿಂದ ಮೂರು ಸೆಂಟಿಮೀಟರ್, ತೆಳು ಒಣ ಹುಲ್ಲಿಗೆ ಇನ್ನೂ ಸ್ವಲ್ಪ ಉದ್ದ, ರಸಮೇವಿಗೆ ಅಂದರೆ ಗಾಳಿಯಾಡದಂತೆ ಹುದುಗಿಸಿಡುವ ಸೈಲೇಜ್‌ಗೆ ಒಂದರಿಂದ ಎರಡು ಸೆಂಟಿಮೀಟರ್ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಳತೆ. ರಸಮೇವಿಗೆ ಚಿಕ್ಕ ತುಂಡು ಬೇಕಾಗುವುದು ಗುಂಡಿಯಲ್ಲಿ ತುಳಿದಾಗ ನಡುವೆ ಗಾಳಿ ಉಳಿಯಬಾರದೆಂದು.

ಹಾಗಾಗಿ ಯಂತ್ರಕ್ಕಿರುವ ಕೆಲಸ ಕತ್ತರಿಸುವುದಷ್ಟೇ ಅಲ್ಲ, ಬೇಕಾದ ಉದ್ದಕ್ಕೆ ಕತ್ತರಿಸುವುದು. ಉದ್ದ ನಮ್ಮ ಹತೋಟಿಯಲ್ಲಿರಬೇಕಾದರೆ ಅಲಗು ಬೀಳುವ ಗಳಿಗೆಯಲ್ಲಿ ದಂಟು ಅಲ್ಲಾಡದೆ ಹಿಡಿದಿರಬೇಕು. ಮೇವು ಕತ್ತರಿಸುವ ಯಂತ್ರಗಳ ನಡುವಿನ ಎಲ್ಲ ಮುಖ್ಯ ವ್ಯತ್ಯಾಸಗಳೂ, ಅವುಗಳ ಎಲ್ಲ ಮುಖ್ಯ ಅಪಾಯಗಳೂ ಈ ಒಂದು ಹಿಡಿತದಿಂದ ಹುಟ್ಟುತ್ತವೆ.

ಹಳೆಯ, ಇಂದಿಗೂ ಸರಿಯೆನಿಸುವ ವಿನ್ಯಾಸವೆಂದರೆ ದೊಡ್ಡ ಚಕ್ರದ ಯಂತ್ರ. ಎರಕದ ಕಬ್ಬಿಣದ ಭಾರವಾದ ಚಕ್ರದ ಕಡ್ಡಿಗಳಿಗೆ ಎರಡು, ಕೆಲವೊಮ್ಮೆ ಮೂರು ಬಾಗಿದ ಬ್ಲೇಡುಗಳನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಚಕ್ರದ ಮುಂದೆ ಮೇವು ಹಾಕುವ ದೋಣಿ. ದೋಣಿಯ ಕೊನೆಯಲ್ಲಿ ಒಂದರ ಮೇಲೊಂದು ಎರಡು ಹಲ್ಲಿನ ರೋಲರ್. ರೋಲರುಗಳನ್ನು ದಾಟಿದ ಕೂಡಲೇ ಒಂದು ಅಲುಗದ ಉಕ್ಕಿನ ಪಟ್ಟಿ. ಮೇಲಿನ ರೋಲರನ್ನು ಸ್ಪ್ರಿಂಗ್ ಅಥವಾ ತೂಕ ಕೆಳಕ್ಕೆ ಒತ್ತುತ್ತಿರುತ್ತದೆ, ಹೊರೆ ದಪ್ಪವಾದರೆ ಅದು ತಾನಾಗಿ ಮೇಲೇಳುತ್ತದೆ. ರೋಲರುಗಳು ಮೇವನ್ನು ಕಚ್ಚಿ ಎಳೆದು ಪಟ್ಟಿಯ ಅಂಚಿನಾಚೆಗೆ ಚಾಚುತ್ತವೆ, ತಿರುಗುವ ಬ್ಲೇಡು ಆ ಅಂಚಿಗೆ ಉಜ್ಜಿದಂತೆ ಹಾದುಹೋಗಿ ಚಾಚಿದ ಭಾಗವನ್ನು ಕತ್ತರಿಸುತ್ತದೆ. ಕತ್ತರಿಯ ಎರಡು ಅಲಗುಗಳ ನಡುವೆ ಬಟ್ಟೆ ಸಿಕ್ಕಿದಾಗ ನಡೆಯುವುದೇ ಇಲ್ಲಿಯೂ ನಡೆಯುತ್ತದೆ. ಅಲಗುಗಳ ನಡುವೆ ಸಡಿಲು ಬಂದ ಕತ್ತರಿ ಬಟ್ಟೆಯನ್ನು ಕತ್ತರಿಸದೆ ಮಡಚುವ ಹಾಗೆ, ಬ್ಲೇಡಿಗೂ ಪಟ್ಟಿಗೂ ಅಂತರ ಹೆಚ್ಚಿದ ಯಂತ್ರ ಹುಲ್ಲನ್ನು ಬಗ್ಗಿಸಿ ಸಿಪ್ಪೆಯಂತೆ ಎಳೆದುಹಾಕುತ್ತದೆ. ಒಂದು ಕಾಗದದ ಹಾಳೆಯನ್ನು ಆ ಸಂದಿಯಲ್ಲಿಟ್ಟು, ಕರೆಂಟು ಪೂರ್ತಿ ತೆಗೆದು, ಚಕ್ರವನ್ನು ಅದರ ಹೊರ ಅಂಚಿನಿಂದ ನಿಧಾನವಾಗಿ ತಿರುಗಿಸಿದಾಗ ಹಾಳೆ ಹರಿಯದೆ ನೀಟಾಗಿ ಕತ್ತರಿಸಿಕೊಂಡರೆ ಅಂತರ ಸರಿಯಿದೆ ಎಂದರ್ಥ. ಬ್ಲೇಡಿನ ಉದ್ದಕ್ಕೂ ಎರಡು ಮೂರು ಕಡೆ ಈ ಪರೀಕ್ಷೆ ಮಾಡಬೇಕು, ಏಕೆಂದರೆ ಒಂದು ತುದಿಯ ಬೋಲ್ಟ್ ಸಡಿಲವಾಗಿದ್ದರೆ ಆ ತುದಿಯಲ್ಲಿ ಮಾತ್ರ ಅಂತರ ಹೆಚ್ಚಿರುತ್ತದೆ.

ಬ್ಲೇಡು ಬಾಗಿರುವುದಕ್ಕೂ ಕಾರಣವಿದೆ. ನೇರ ಬ್ಲೇಡು ಇಡೀ ಹೊರೆಯ ಅಗಲಕ್ಕೆ ಒಂದೇ ಬಾರಿ ಬಡಿಯುತ್ತದೆ, ಬಾಗಿದ ಬ್ಲೇಡು ಒಂದು ಅಂಚಿನಿಂದ ಶುರುವಾಗಿ ಜಾರುತ್ತಾ ಮತ್ತೊಂದು ಅಂಚಿಗೆ ತಲುಪುತ್ತದೆ. ಒಟ್ಟು ಕೆಲಸ ಹೆಚ್ಚುಕಡಿಮೆ ಅಷ್ಟೇ ಆದರೂ ಒಂದು ಕ್ಷಣದಲ್ಲಿ ಬೇಕಾಗುವ ಬಲ ಬಹಳ ಕಡಿಮೆಯಾಗುತ್ತದೆ. ಚಕ್ರದ ಭಾರ ಕೂಡ ಇದೇ ಉದ್ದೇಶಕ್ಕೆ: ಎರಡು ಕಡಿತಗಳ ನಡುವಿನ ಬಿಡುವಿನಲ್ಲಿ ಕೈ ಅಥವಾ ಮೋಟಾರು ಕೊಟ್ಟ ಶಕ್ತಿಯನ್ನು ಚಕ್ರ ಕೂಡಿಟ್ಟುಕೊಂಡು, ಬ್ಲೇಡು ಮೇವಿಗೆ ತಾಗಿದಾಗ ಬಿಟ್ಟುಕೊಡುತ್ತದೆ. ಈ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ವೇಗ ಅರ್ಧಕ್ಕಿಳಿದರೆ ಚಕ್ರದಲ್ಲಿ ಉಳಿಯುವುದು ಕಾಲು ಭಾಗ ಮಾತ್ರ. ಮೊಂಡು ಬ್ಲೇಡಿನ ಯಂತ್ರಕ್ಕೆ ಒಂದು ದಪ್ಪ ಹೊರೆ ಸಿಕ್ಕಿ ವೇಗ ಕುಸಿಯಲು ಶುರುವಾದರೆ ಮರುಕ್ಷಣವೇ ಅದು ನಿಂತುಹೋಗುವುದು ಇದರಿಂದಲೇ.

ತುಂಡಿನ ಉದ್ದ ನಿರ್ಧಾರವಾಗುವ ಲೆಕ್ಕ ಸುಲಭ. ಒಂದು ನಿಮಿಷದಲ್ಲಿ ರೋಲರು ಎಷ್ಟು ಉದ್ದ ಮೇವನ್ನು ಒಳಗೆ ಕಳಿಸುತ್ತದೋ ಅದನ್ನು ಅದೇ ನಿಮಿಷದ ಕಡಿತಗಳ ಸಂಖ್ಯೆಯಿಂದ ಭಾಗಿಸಿದರೆ ಆಯಿತು. ಉದಾಹರಣೆಗೆ ಚಕ್ರ ನಿಮಿಷಕ್ಕೆ 600 ಸುತ್ತು ತಿರುಗಿ, ಅದಕ್ಕೆ ಎರಡು ಬ್ಲೇಡಿದ್ದರೆ 1,200 ಕಡಿತ. ರೋಲರು ನಿಮಿಷಕ್ಕೆ 24 ಮೀಟರ್ ಎಳೆಯುತ್ತಿದ್ದರೆ ತುಂಡು 20 ಮಿಲಿಮೀಟರ್. ಈಗ ಮೋಟಾರಿನ ವೇಗ ಇಳಿಸಿ ಚಕ್ರವನ್ನು 300 ಸುತ್ತಿಗೆ ತಂದೆವೆನ್ನೋಣ. ರೋಲರುಗಳೂ ಅದೇ ಅಚ್ಚಿನಿಂದ ಗೇರಿನ ಮೂಲಕ ತಿರುಗುವುದರಿಂದ ಎಳೆತವೂ 12 ಮೀಟರಿಗೆ ಇಳಿಯುತ್ತದೆ, ತುಂಡು ಮಾತ್ರ 20 ಮಿಲಿಮೀಟರ್ ಆಗಿಯೇ ಉಳಿಯುತ್ತದೆ. ವೇಗ ಹೆಚ್ಚಿಸಿದರೆ ಮೇವು ಸಣ್ಣಗಾಗುತ್ತದೆಂಬ ನಂಬಿಕೆ ರೋಲರ್ ಇರುವ ಯಂತ್ರಗಳ ಮಟ್ಟಿಗೆ ತಪ್ಪು. ಉದ್ದ ಬದಲಾಗುವುದು ಗೇರಿನ ಅನುಪಾತ ಬದಲಿಸಿದಾಗ ಅಥವಾ ಬ್ಲೇಡಿನ ಸಂಖ್ಯೆ ಬದಲಿಸಿದಾಗ. ಎರಡು ಬ್ಲೇಡಿನ ಚಕ್ರದಲ್ಲಿ ಒಂದನ್ನು ತೆಗೆದರೆ ತುಂಡು ಇಮ್ಮಡಿಯಾಗುತ್ತದೆ, ಆದರೆ ಚಕ್ರದ ಸಮತೋಲ ತಪ್ಪಿ ಅದುರುವುದರಿಂದ ಅಧಿಕ ವೇಗದ ಯಂತ್ರದಲ್ಲಿ ಹಾಗೆ ಮಾಡಬಾರದು. ತಯಾರಕರು ಕೊಟ್ಟ ಗೇರನ್ನೇ ಬದಲಿಸಬೇಕು.

ಈ ಯಂತ್ರವನ್ನು ಕೈಯಿಂದ ತಿರುಗಿಸುವಾಗ ಒಬ್ಬರು ಚಕ್ರದ ಹಿಡಿಯನ್ನು ತಿರುವುತ್ತಾ ಮತ್ತೊಬ್ಬರು ಮೇವು ಕೊಡುತ್ತಾರೆ. ಒಂದೆರಡು ಹಸುಗಳಿಗೆ, ತೆಳು ದಂಟಿಗೆ ಇದು ಸಾಕು. ಪಟ್ಟೆ (ಬೆಲ್ಟ್) ಹಾಕಿ ಮೋಟಾರಿಗೆ ಜೋಡಿಸಿದರೆ ಅದೇ ಯಂತ್ರ ಹತ್ತು ಹಸುಗಳ ಮೇವನ್ನು ಕತ್ತರಿಸುತ್ತದೆ. ಇನ್ನೂ ದೊಡ್ಡವು ಟ್ರಾಕ್ಟರಿನ ಪಿಟಿಒ ಅಚ್ಚಿನಿಂದ, ಅಂದರೆ ಬೇರೆ ಯಂತ್ರಗಳನ್ನು ತಿರುಗಿಸಲೆಂದು ಟ್ರಾಕ್ಟರಿನಲ್ಲಿರುವ ಅಚ್ಚಿನಿಂದ ನಡೆಯುತ್ತವೆ, ಕತ್ತರಿಸಿದ ಮೇವನ್ನು ಕೊಳವೆಯ ಮೂಲಕ ಗಾಳಿಯಲ್ಲಿ ಎಸೆದು ಟ್ರೈಲರಿಗೋ ರಸಮೇವಿನ ಗುಂಡಿಗೋ ತುಂಬುತ್ತವೆ. ಕೆಲವು ದೊಡ್ಡ ಯಂತ್ರಗಳಲ್ಲಿ ಚಕ್ರದ ಬದಲು ಉರುಳೆಯಾಕಾರದ ಡ್ರಮ್ಮಿನ ಮೇಲೆ ಬ್ಲೇಡುಗಳಿರುತ್ತವೆ. ಕಡಿತದ ತತ್ವ ಒಂದೇ.

ಆದರೆ ಕರ್ನಾಟಕದ ಸಣ್ಣ ಕೊಟ್ಟಿಗೆಗಳಲ್ಲಿ ಹೆಚ್ಚು ಕಾಣುವುದು ಬೇರೆ ಜಾತಿಯ ಯಂತ್ರ. 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರಿನ ಅಚ್ಚಿಗೇ ಬ್ಲೇಡು ಕೂರಿಸಿ, ಸುತ್ತ ತಗಡಿನ ಕವಚ ಮಾಡಿ, ಓರೆಯಾದ ಬಾಯಿಯಿಂದ ಮೇವು ತಳ್ಳುವ ಪುಟ್ಟ ಯಂತ್ರವಿದು. ಇದರಲ್ಲಿ ಎಳೆಯುವ ರೋಲರ್ ಇರುವುದಿಲ್ಲ, ಹಿಡಿತ ನಮ್ಮ ಕೈಯದು ಮಾತ್ರ. ಗಟ್ಟಿಯಾಗಿ ಹಿಡಿಯದ ದಂಟನ್ನು ಕತ್ತರಿಸಬೇಕಾದರೆ ಬ್ಲೇಡು ಅದಕ್ಕೆ ಬಾಗಲು ಸಮಯವನ್ನೇ ಕೊಡದಷ್ಟು ವೇಗವಾಗಿ ಹೊಡೆಯಬೇಕು. ಆದ್ದರಿಂದ ಈ ಯಂತ್ರ ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತದೆ. ಬ್ಲೇಡಿನ ತುದಿ ಅಚ್ಚಿನಿಂದ 15 ಸೆಂಟಿಮೀಟರ್ ದೂರವಿದ್ದರೆ ಅದರ ವೇಗ ಸೆಕೆಂಡಿಗೆ 44 ಮೀಟರ್. ಹಸಿ ನೇಪಿಯರ್, ಹಸಿ ಮೆಕ್ಕೆಜೋಳದಂಥ ನೀರು ತುಂಬಿದ ಗಟ್ಟಿ ದಂಟು ಈ ಹೊಡೆತಕ್ಕೆ ಸುಲಭವಾಗಿ ತುಂಡಾಗುತ್ತದೆ. ಒಣ ರಾಗಿ ಹುಲ್ಲು, ಭತ್ತದ ಹುಲ್ಲು ಹಗುರವಾಗಿ ಬಳುಕುವುದರಿಂದ ಸರಿಯಾಗಿ ಕತ್ತರಿಸಿಕೊಳ್ಳದೆ ಅಚ್ಚಿಗೆ ಸುತ್ತಿಕೊಳ್ಳುತ್ತವೆ. ಇಲ್ಲಿ ತುಂಡಿನ ಉದ್ದ ನಾವು ತಳ್ಳುವ ವೇಗವನ್ನು ಅವಲಂಬಿಸಿರುತ್ತದೆ, ಒಂದೇ ಸಮನಾಗಿ ಬರುವುದಿಲ್ಲ. ಮುಖ್ಯವಾಗಿ ಹಸಿ ಮೇವನ್ನೇ ಹಾಕುವ ಎರಡು ಮೂರು ಹಸುಗಳ ಮನೆಗೆ ಈ ಯಂತ್ರ ಸಾಕು ಎಂಬುದು ನನ್ನ ಅಭಿಪ್ರಾಯ. ಒಣ ಹುಲ್ಲನ್ನು ಹೆಚ್ಚು ಬಳಸುವವರು, ರಸಮೇವು ಮಾಡುವವರು ರೋಲರ್ ಇರುವ ಯಂತ್ರಕ್ಕೇ ಹಣ ಕೂಡಿಸಬೇಕು.

ಮೋಟಾರಿನ ವಿಷಯದಲ್ಲಿ ಒಂದು ಮಾತು ಅಗತ್ಯ. 2 ಎಚ್‌ಪಿ ಎಂದರೆ ಸುಮಾರು ಒಂದೂವರೆ ಕಿಲೋವಾಟ್. ಇಪ್ಪತ್ತು ನಿಮಿಷ ನಡೆಸಿದರೆ ಅರ್ಧದಿಂದ ಮುಕ್ಕಾಲು ಯೂನಿಟ್ ಖರ್ಚಾಗುತ್ತದೆ, ಇದು ದೊಡ್ಡ ಹೊರೆಯಲ್ಲ. ತೊಂದರೆ ವೋಲ್ಟೇಜಿನದು. ಮೋಟಾರಿನ ತಿರುಚುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ ವೋಲ್ಟೇಜು ನೂರಕ್ಕೆ 20ರಷ್ಟು ಕುಸಿದರೆ ಬಲ ಉಳಿಯುವುದು ನೂರಕ್ಕೆ 64 ಮಾತ್ರ. ಮನೆಯ ಬೋರ್ಡಿನಿಂದ ತೆಳು ವೈರು ಎಳೆದು ದೂರದ ಕೊಟ್ಟಿಗೆಯಲ್ಲಿ ಯಂತ್ರ ನಡೆಸಿದಾಗ, ಸ್ಟಾರ್ಟ್ ಆಗುವ ಗಳಿಗೆಯ ಐದಾರು ಪಟ್ಟು ಕರೆಂಟಿಗೆ ಆ ವೈರಿನಲ್ಲೇ ವೋಲ್ಟೇಜು ಬಿದ್ದುಹೋಗಿ, ಮೋಟಾರು ಗುಂಯ್‌ಗುಡುತ್ತಾ ನಿಂತಲ್ಲೇ ಸುಟ್ಟುಹೋಗಬಹುದು. ದಪ್ಪ ವೈರು, ಸರಿಯಾದ ಅರ್ಥಿಂಗ್, ಮೇವು ಹಾಕುವವರ ಕೈಗೆಟಕುವ ಸ್ವಿಚ್ಚು ಇವು ಯಂತ್ರದಷ್ಟೇ ಮುಖ್ಯ.

ಈಗ ಅಪಾಯದ ವಿಷಯ. ಒಳ್ಳೆಯ ಕಡಿತಕ್ಕೆ ಕಾರಣವಾದ ರೋಲರೇ ಕೈಯನ್ನೂ ಎಳೆದುಕೊಳ್ಳುತ್ತದೆ. ಮೇಲಿನ ಉದಾಹರಣೆಯಲ್ಲಿ ನಿಮಿಷಕ್ಕೆ 24 ಮೀಟರ್ ಎಂದರೆ ಸೆಕೆಂಡಿಗೆ 40 ಸೆಂಟಿಮೀಟರ್. ರೋಲರಿನಿಂದ ಬ್ಲೇಡಿಗೆ 15 ಸೆಂಟಿಮೀಟರ್ ಅಂತರವಿದ್ದರೆ, ಬೆರಳು ಸಿಕ್ಕಿದ ಮೇಲೆ ಉಳಿಯುವ ಸಮಯ ಅರ್ಧ ಸೆಕೆಂಡೂ ಇಲ್ಲ. ಆಪತ್ತು ಅರಿವಿಗೆ ಬಂದು, ಕೈ ಸ್ವಿಚ್ಚಿನ ಕಡೆ ಹೊರಳುವುದರೊಳಗೆ ಎಲ್ಲ ಮುಗಿದಿರುತ್ತದೆ. ಹುಷಾರಾಗಿ ಕೆಲಸ ಮಾಡಿ ಎಂಬ ಬುದ್ಧಿಮಾತು ಇಲ್ಲಿ ಸಾಲದು. ಕೈ ರೋಲರನ್ನು ಮುಟ್ಟಲು ಸಾಧ್ಯವೇ ಆಗದಂತೆ ಯಂತ್ರದ ಆಕಾರವಿರಬೇಕು. ಮೇವಿನ ದೋಣಿ ತೋಳಿಗಿಂತ ಉದ್ದವಾಗಿರಬೇಕು, ರೋಲರಿನ ಕಡೆಯ ಭಾಗ ಮೇಲಿನಿಂದ ಮುಚ್ಚಿರಬೇಕು, ರೋಲರನ್ನು ತಟಸ್ಥಕ್ಕೂ ಹಿಮ್ಮುಖಕ್ಕೂ ತರುವ ಸನ್ನೆ (ಲಿವರ್) ದೋಣಿಯ ಪಕ್ಕದಲ್ಲೇ ಇರಬೇಕು.

ಉತ್ತರ ಭಾರತದ ಹಳ್ಳಿಗಳಲ್ಲಿ, ಮೇವು ಕತ್ತರಿಸುವ ಯಂತ್ರ ಬಹುತೇಕ ಪ್ರತಿ ಮನೆಯಲ್ಲೂ ಇರುವ ಕಡೆ, ಐಐಟಿ ದೆಹಲಿಯ ಸಂಶೋಧಕರು ಈ ಗಾಯಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಕೆಲಸ ಮಾಡುವವರ ಜೊತೆಗೆ, ಬಿಡುವಿನ ವೇಳೆಯಲ್ಲಿ ನಿಂತ ಯಂತ್ರದ ಚಕ್ರ ತಿರುಗಿಸಿ ಆಡುವ ಮಕ್ಕಳೂ ಬೆರಳು ಕಳೆದುಕೊಳ್ಳುತ್ತಿದ್ದರು. ಸಂಶೋಧಕರು ಸೂಚಿಸಿದ ಪರಿಹಾರಗಳು ಹಳ್ಳಿಯ ಕಮ್ಮಾರ ಮಾಡಬಹುದಾದಷ್ಟು ಸರಳ: ಯಂತ್ರ ನಿಂತಿರುವಾಗ ಚಕ್ರ ತಿರುಗದಂತೆ ತಡೆಯುವ ಒಂದು ಪಿನ್ನು, ಬ್ಲೇಡನ್ನು ಮುಚ್ಚುವ ಕವಚ, ಕೈ ಅಪಾಯದ ಜಾಗಕ್ಕೆ ಹತ್ತಿರವಾದಾಗ ಮೊದಲೇ ತಾಗಿ ಎಚ್ಚರಿಸುವ ಒಂದು ಹೆಚ್ಚುವರಿ ರೋಲರ್. ಚಕ್ರದ ಯಂತ್ರವಿರುವ ಪ್ರತಿ ಮನೆಯವರೂ ಇವತ್ತೇ ಆ ಪಿನ್ನನ್ನು ಹಾಕಿಸಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ. ಅದಕ್ಕೆ ತಗಲುವ ಖರ್ಚು ಒಂದು ಕಬ್ಬಿಣದ ಸರಳು ಮತ್ತು ಒಂದು ರಂಧ್ರದ್ದು.

ರೋಲರಿಲ್ಲದ ಪುಟ್ಟ ಯಂತ್ರ ಕೈಯನ್ನು ಎಳೆಯುವುದಿಲ್ಲ. ಆದರೆ ಅದರ ಬಾಯಿ ಗಿಡ್ಡವಾಗಿರುತ್ತದೆ, ಕೊನೆಯ ಹಿಡಿ ಮೇವನ್ನು ಕೈಯಿಂದಲೇ ತಳ್ಳುವ ಆಸೆಯಾಗುತ್ತದೆ. ಕೊನೆಯ ಹಿಡಿಯನ್ನು ಯಾವಾಗಲೂ ಮುಂದಿನ ಹೊರೆಯಿಂದ ಅಥವಾ ಕೋಲಿನಿಂದ ತಳ್ಳಬೇಕು. ಸ್ವಿಚ್ಚು ಆರಿಸಿದ ಮೇಲೂ ಬ್ಲೇಡು ಕೆಲಕಾಲ ಸದ್ದಿಲ್ಲದೆ ತಿರುಗುತ್ತಿರುತ್ತದೆ. ಸಿಕ್ಕಿದ ಹುಲ್ಲನ್ನು ಬಿಡಿಸುವ ಮೊದಲು ಪ್ಲಗ್ಗನ್ನೇ ಕಿತ್ತಿರಬೇಕು. ಕೊಟ್ಟಿಗೆಯ ಕೆಲಸವನ್ನು ನಮ್ಮಲ್ಲಿ ಹೆಚ್ಚಾಗಿ ಹೆಂಗಸರೇ ಮಾಡುವುದರಿಂದ ಸೆರಗು, ಜಡೆ, ಬಳೆಗಳು ಪಟ್ಟೆಗೋ ಅಚ್ಚಿಗೋ ಸಿಗದಂತೆ ಪಟ್ಟೆಗೆ ಕವಚ ಹಾಕಿರಲೇಬೇಕು. ಅನಾಹುತ ಆಗಿಯೇಬಿಟ್ಟರೆ, ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಕಟ್ಟಿ, ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಮಂಜುಗಡ್ಡೆಯಲ್ಲಿಟ್ಟು ಆದಷ್ಟು ಬೇಗ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಬೆರಳನ್ನು ನೇರವಾಗಿ ಮಂಜಿನ ಮೇಲೆ ಇಡಬಾರದು.

ದನಕ್ಕೂ ಯಂತ್ರದಿಂದ ಅಪಾಯ ಬರುವ ಎರಡು ದಾರಿಗಳಿವೆ. ಬೇಲಿಯ ತಂತಿ, ಮೊಳೆ ಮೇವಿನಲ್ಲಿ ಸೇರಿದ್ದರೆ ಯಂತ್ರ ಅದನ್ನು ಸೂಜಿಯಂಥ ತುಂಡುಗಳಾಗಿಸುತ್ತದೆ. ಮೇವನ್ನು ಹೆಚ್ಚು ಅಗಿಯದೆ ನುಂಗುವ ದನದ ಎರಡನೆಯ ಹೊಟ್ಟೆಯಲ್ಲಿ ಆ ತುಂಡು ತಂಗಿ, ಗೋಡೆ ಚುಚ್ಚಿ, ಪಕ್ಕದಲ್ಲೇ ಇರುವ ಹೃದಯದ ಪೊರೆಯನ್ನೂ ತಲುಪಬಹುದು. ತುಂಡು ಮೇವು ಬೀಳುವ ಜಾಗದಲ್ಲಿ ಒಂದು ಬಲವಾದ ಅಯಸ್ಕಾಂತ ಕಟ್ಟಿಡುವುದು ಒಳ್ಳೆಯದು. ಇನ್ನೊಂದು, ಎಳೆಯ ಜೋಳ. ಮೊಣಕಾಲೆತ್ತರದ ಬೆಳೆ, ಬರದಲ್ಲಿ ಬಾಡಿದ ಬೆಳೆ, ಕೊಯ್ದ ಕೂಳೆಯ ಮರುಚಿಗುರು ಇವುಗಳಲ್ಲಿ ಸಯನೈಡ್ ವಿಷ ಹುಟ್ಟಿಸುವ ಅಂಶ ಹೆಚ್ಚಿರುತ್ತದೆ. ಕತ್ತರಿಸುವುದರಿಂದ ಆ ವಿಷ ಹೋಗುವುದಿಲ್ಲ. ಜೀವಕೋಶಗಳು ಒಡೆದಾಗಲೇ ಅದು ಬಿಡುಗಡೆಯಾಗುವುದು, ಜೊತೆಗೆ ತುಂಡು ಮೇವನ್ನು ದನ ಬೇಗ ಬೇಗ ತಿಂದುಬಿಡುತ್ತದೆ. ಹೂ ಬರುವ ಹಂತದವರೆಗೆ ಕಾಯುವುದು ಸುರಕ್ಷಿತ ದಾರಿ. ಕತ್ತರಿಸಿದ ಹಸಿ ಮೇವನ್ನು ರಾಶಿ ಹಾಕಿಟ್ಟರೆ ಕೆಲವೇ ಗಂಟೆಗಳಲ್ಲಿ ಕಾವು ಏರುವುದರಿಂದ ಆಯಾ ಹೊತ್ತಿಗೆ ಬೇಕಾದಷ್ಟನ್ನೇ ಕತ್ತರಿಸಬೇಕು.

ಕೊಳ್ಳುವಾಗ ಅಂಗಡಿಯವರು ಎಚ್‌ಪಿ ಮತ್ತು ಗಂಟೆಗೆ ಇಷ್ಟು ಕೆಜಿ ಎಂಬ ಲೆಕ್ಕ ಹೇಳುತ್ತಾರೆ. ಆ ಕೆಜಿ ಲೆಕ್ಕ ಹಸಿ ಮೇವಿನದೋ ಒಣದ್ದೋ ಎಂದು ಕೇಳಬೇಕು, ಏಕೆಂದರೆ ಹಸಿ ನೇಪಿಯರಿನ ತೂಕದಲ್ಲಿ ಬಹುಪಾಲು ನೀರೇ. ಭಾರತೀಯ ಮಾನಕ ಬ್ಯೂರೋ ಈ ಯಂತ್ರಗಳಿಗೆ ಮಾನಕಗಳನ್ನು ರೂಪಿಸಿದೆ, ಅವುಗಳಿಗೆ ಒಪ್ಪುವ ಯಂತ್ರವೇ ಎಂದು ವಿಚಾರಿಸಬೇಕು. ಪಶುಪಾಲನಾ ಇಲಾಖೆ, ಹಾಲು ಒಕ್ಕೂಟಗಳ ಸಹಾಯಧನದ ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹಣ ಕಟ್ಟುವ ಮೊದಲು ಪಶು ಆಸ್ಪತ್ರೆಯಲ್ಲೂ ಡೈರಿಯಲ್ಲೂ ಕೇಳಿಕೊಳ್ಳಬೇಕು. ವರ್ಷಕ್ಕೊಮ್ಮೆ ರಸಮೇವು ಮಾಡುವವರು ದೊಡ್ಡ ಯಂತ್ರ ಕೊಳ್ಳುವ ಬದಲು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದೆಯೇ ಎಂದು ನೋಡಬಹುದು. ಸಾಧ್ಯವಾದರೆ ನಿಮ್ಮ ಹೊಲದ್ದೇ ಒಂದು ಹೊರೆ ಒಣ ಹುಲ್ಲು, ಒಂದು ಹೊರೆ ಹಸಿ ದಂಟು ಒಯ್ದು ಅಂಗಡಿಯಲ್ಲೇ ಯಂತ್ರ ನಡೆಸಿ ನೋಡಿ. ತುಂಡುಗಳನ್ನು ಅಂಗೈಯಲ್ಲಿ ಹರಡಿ ಉದ್ದ ಅಳೆಯಿರಿ, ಕತ್ತರಿಸಿದ ತುದಿ ನೀಟಾಗಿದೆಯೋ ನಾರು ನಾರಾಗಿದೆಯೋ ಗಮನಿಸಿ. ಕೊನೆಗೆ ರೋಲರು ತುಂಬಿದ ಹೊರೆಯನ್ನು ಎಳೆಯುತ್ತಿರುವಾಗಲೇ ಹಿಮ್ಮುಖದ ಸನ್ನೆಯನ್ನು ಎಳೆಸಿರಿ. ಹೊರೆ ಕೂಡಲೇ ಹಿಂದಕ್ಕೆ ಬಾರದಿದ್ದರೆ ಆ ಯಂತ್ರವನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ತರಬೇಡಿ.